ಮೊದಲು ಹಾರಾಟ, ಆಮೇಲೆ ದೋಷ

ಕೊಡಗಿನಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಆರಂಭವಾದ ಮೇಲೆ ದಕ್ಷಿಣ ಕೊಡಗಿನವರು, ಅದರಲ್ಲೂ ಗಲ್ಫ್ ದೇಶಗಳಲ್ಲಿ ದುಡಿಯುವವರು, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ, ಮಟ್ಟನ್ನೂರಿನಲ್ಲಿ ವಿಮಾನ ಹತ್ತುವುದುಂಟು. ಹಾಗೆ ಹೊರಟ ವಿಮಾನವೊಂದು ತಾಂತ್ರಿಕ ದೋಷದಿಂದ ಅರ್ಧ ದಾರಿಯಲ್ಲೇ ಹಿಂದಿರುಗಿತೆಂದು ಕೇಳಿದರೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಆ ಹೊತ್ತಿನಲ್ಲಿ ಕಾಕ್‌ಪಿಟ್‌ನೊಳಗೆ ನಡೆಯುವ ಕೆಲಸ ಮಾತ್ರ ನಾವು ಊಹಿಸಿಕೊಳ್ಳುವುದಕ್ಕಿಂತ ಬಹಳ ನಿಧಾನವಾದದ್ದು, ಕ್ರಮಬದ್ಧವಾದದ್ದು.

ಇಂದಿನ ವಿಮಾನದ ಕಂಪ್ಯೂಟರ್‌ಗಳು ಇಂಜಿನ್, ಹೈಡ್ರಾಲಿಕ್ಸ್, ವಿದ್ಯುತ್, ಇಂಧನ, ಕ್ಯಾಬಿನ್ನಿನ ಒತ್ತಡ ಎಲ್ಲವನ್ನೂ ಸತತವಾಗಿ ಗಮನಿಸುತ್ತಿರುತ್ತವೆ. ದೋಷ ಕಂಡಾಗ ಅದರ ತೀವ್ರತೆಗೆ ತಕ್ಕ ಬಣ್ಣದಲ್ಲಿ ತಿಳಿಸುತ್ತವೆ. ಕೆಂಪು ದೀಪ ಹೊತ್ತಿದರೆ ಕೂಡಲೇ ಕ್ರಮ ಕೈಗೊಳ್ಳಬೇಕು. ಕಿತ್ತಳೆ ಮಿಶ್ರಿತ ಹಳದಿಯಾದರೆ ತಿಳಿದುಕೊಳ್ಳಬೇಕು, ಆದರೆ ಆತುರವಿಲ್ಲ. ಎಚ್ಚರಿಕೆಯನ್ನು ಬೇಕೆಂದೇ ತಡೆಹಿಡಿಯುವ ವ್ಯವಸ್ಥೆಯೂ ಇದೆಯೆಂಬುದು ಹೊರಗಿನವರಿಗೆ ಅಚ್ಚರಿ ತರಬಹುದು. ಏರ್‌ಬಸ್ ಎ320 ವಿಮಾನ ರನ್‌ವೇಯಲ್ಲಿ 80 ನಾಟ್, ಅಂದರೆ ಗಂಟೆಗೆ ಸುಮಾರು 148 ಕಿಲೋಮೀಟರ್ ವೇಗ ದಾಟಿದ ಮೇಲೆ ನೆಲಬಿಟ್ಟು 1,500 ಅಡಿ ಏರುವವರೆಗೆ, ಆ ಗಳಿಗೆಯಲ್ಲಿ ಮುಖ್ಯವಲ್ಲದ ಬಹುತೇಕ ಸೂಚನೆಗಳನ್ನು ಪೈಲಟ್‌ಗಳಿಗೆ ತೋರಿಸುವುದೇ ಇಲ್ಲ. ಕಣ್ಣೂರಿನಂತೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ರನ್‌ವೇಯಲ್ಲಿ, ಕೊನೆಯಾಚೆಗೆ ನೆಲ ತಗ್ಗಿಗೆ ಇಳಿಯುವ ಕಡೆ, ಸಣ್ಣದೊಂದು ಹಳದಿ ದೀಪಕ್ಕಾಗಿ ಬ್ರೇಕ್ ಹಾಕುವುದು ಆ ದೋಷಕ್ಕಿಂತಲೂ ದೊಡ್ಡ ಅಪಾಯವಾದೀತು.

ದೋಷ ಕಂಡ ತಕ್ಷಣ ಪೈಲಟ್‌ಗಳು ಮಾಡುವ ಮೊದಲ ಕೆಲಸ ಅದರ ಪರಿಹಾರವಲ್ಲ, ಕೆಲಸದ ಹಂಚಿಕೆ. ಒಬ್ಬರು ವಿಮಾನ ಹಾರಿಸುತ್ತಾರೆ, ಅವರ ಗಮನ ಎತ್ತರ, ವೇಗ, ದಿಕ್ಕುಗಳ ಮೇಲೆಯೇ ಇರುತ್ತದೆ. ಇನ್ನೊಬ್ಬರು ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದುತ್ತಾ ಒಂದೊಂದೇ ಕ್ರಮ ಕೈಗೊಳ್ಳುತ್ತಾರೆ. ಇದು ನೋವಿನಿಂದ ಕಲಿತ ಪಾಠ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಗೆ ಇಳಿಯಲಿದ್ದ ಈಸ್ಟರ್ನ್ ಏರ್‌ಲೈನ್ಸ್ 401ರಲ್ಲಿ ಮುಂಗಾಲಿಯ ಸೂಚಕ ದೀಪ ಹೊತ್ತಲಿಲ್ಲ. ಸಿಬ್ಬಂದಿಯೆಲ್ಲ ಆ ದೀಪದ ಸುತ್ತಲೇ ತೊಡಗಿದ್ದಾಗ, ಎತ್ತರವನ್ನು ತಾನೇ ಕಾಯುತ್ತಿದ್ದ ಆಟೊಪೈಲಟ್ ಆ ಕೆಲಸ ನಿಲ್ಲಿಸಿದ್ದು ಯಾರ ಅರಿವಿಗೂ ಬರಲಿಲ್ಲ. ವಿಮಾನ ಮೆಲ್ಲಮೆಲ್ಲನೆ ಇಳಿಯುತ್ತಾ ಎವರ್‌ಗ್ಲೇಡ್ಸ್ ಜೌಗಿಗೆ ಅಪ್ಪಳಿಸಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಗಾಲಿ ಸರಿಯಾಗಿಯೇ ಇಳಿದಿತ್ತು, ಸುಟ್ಟುಹೋಗಿದ್ದದ್ದು ಬಲ್ಬು.

ಅವಸರದ ಅಪಾಯಕ್ಕೆ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬೋಯಿಂಗ್ 737 ಸಾಕ್ಷಿ. ಕೆಟ್ಟಿದ್ದು ಎಡ ಇಂಜಿನ್, ನಿಲ್ಲಿಸಿದ್ದು ಬಲದ್ದು. 47 ಜನ ಪ್ರಾಣ ಕಳೆದುಕೊಂಡರು. ಇಂಜಿನ್ ನಿಲ್ಲಿಸುವ ಮುನ್ನ ಒಬ್ಬ ಪೈಲಟ್ ಅದರ ನಿಯಂತ್ರಣ ಲಿವರ್ ಮೇಲೆ ಕೈಯಿಟ್ಟು, "ಒಂದನೇ ಇಂಜಿನ್, ಖಚಿತಪಡಿಸಿ" ಎಂದು ಕೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಒಪ್ಪಿದ ಮೇಲೆಯೇ ಅದನ್ನು ಎಳೆಯಬೇಕು. ಎರಡು ಸೆಕೆಂಡಿನ ಈ ವಿಳಂಬವನ್ನು ನಾನು ವಿಮಾನಯಾನದ ಅತ್ಯಂತ ಬೆಲೆಬಾಳುವ ಶಿಸ್ತುಗಳಲ್ಲಿ ಒಂದೆಂದು ಭಾವಿಸುತ್ತೇನೆ.

ಆದರೂ ಕೆಲವು ಎಚ್ಚರಿಕೆಗಳಿಗೆ ಪುಸ್ತಕ ತೆರೆಯುವಷ್ಟು ಸಮಯವಿರುವುದಿಲ್ಲ. ಕ್ಯಾಬಿನ್ನಿನ ಒತ್ತಡ ಕುಸಿಯುವುದು ಅಂಥದ್ದು. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1,748 ಮೀಟರ್, ಅಂದರೆ ಸುಮಾರು 5,735 ಅಡಿ. ವಿಮಾನ 35,000 ಅಡಿಯಲ್ಲಿ ಹಾರುವಾಗಲೂ ಒಳಗಿನ ಗಾಳಿಯನ್ನು 6,000ದಿಂದ 8,000 ಅಡಿ ಎತ್ತರದಲ್ಲಿರುವ ಸಾಂದ್ರತೆಯಲ್ಲಿ ಕಾಯ್ದಿರಿಸುತ್ತಾರೆ. ಆ ಶಿಖರವನ್ನು ಹತ್ತಿ ಉಸಿರಾಡಿದವರಿಗೆ ವಿಮಾನದೊಳಗಿನ ಗಾಳಿ ಅದಕ್ಕಿಂತ ತುಸುವೇ ತೆಳು. ಒತ್ತಡ ಸೋರಿ ಒಳಗಿನ ಗಾಳಿ 10,000 ಅಡಿಯ ಮಟ್ಟಕ್ಕೆ ತೆಳುವಾದರೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಮೊಳಗುತ್ತದೆ. ಸುಮಾರು 14,000 ಅಡಿಯ ಮಟ್ಟ ಮುಟ್ಟಿದರೆ ಪ್ರಯಾಣಿಕರ ಮಾಸ್ಕ್‌ಗಳು ಕೆಳಗೆ ಬೀಳುತ್ತವೆ. 35,000 ಅಡಿಯಲ್ಲಿ ಗಾಳಿಯೆಲ್ಲ ಹೊರಹೋದರೆ ಮನುಷ್ಯನಿಗೆ ನೆಟ್ಟಗೆ ಯೋಚಿಸಲು ಉಳಿಯುವುದು ಅರ್ಧದಿಂದ ಒಂದು ನಿಮಿಷ. ಹಾಗಾಗಿ ಮೊದಲು ತನ್ನ ಮಾಸ್ಕ್, ಆಮೇಲೆ 10,000 ಅಡಿಗೆ ತುರ್ತು ಇಳಿತ ಎಂಬ ಕ್ರಮ ಪೈಲಟ್‌ಗಳಿಗೆ ಬಾಯಿಪಾಠವಾಗಿರುತ್ತದೆ. ಪಶ್ಚಿಮ ಘಟ್ಟದ ಅತ್ಯುನ್ನತ ಶಿಖರ ಆನೆಮುಡಿಯೂ 2,695 ಮೀಟರ್, ಅಂದರೆ 8,842 ಅಡಿಯಷ್ಟೇ ಇರುವುದರಿಂದ ನಮ್ಮ ಬೆಟ್ಟಸಾಲಿನ ಮೇಲೆ ಆ ಎತ್ತರಕ್ಕೆ ಇಳಿಯಲು ಅಡ್ಡಿಯಿಲ್ಲ. ಹಿಮಾಲಯದ ಮೇಲಾದರೆ ಹೊರಳಿ ಹೋಗುವ ದಾರಿಯನ್ನು ಮುಂಚೆಯೇ ಗುರುತು ಮಾಡಿಕೊಂಡಿರಬೇಕು.

ಇದೇ ಎಚ್ಚರಿಕೆಯನ್ನು ತಪ್ಪಾಗಿ ಗ್ರಹಿಸಿದ್ದು 2005ರ ಆಗಸ್ಟ್ 14ರಂದು ಹೀಲಿಯೋಸ್ ಏರ್‌ವೇಸ್‌ನ 522ನೇ ವಿಮಾನದ ದುರಂತಕ್ಕೆ ಎಡೆಮಾಡಿತು. ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್‌ಗೆ ಹೊರಟಿದ್ದ ಆ ಬೋಯಿಂಗ್ 737ರಲ್ಲಿ ಒತ್ತಡ ನಿಯಂತ್ರಣದ ಸ್ವಿಚ್ಚು ಸ್ವಯಂಚಾಲಿತ ಸ್ಥಾನದ ಬದಲು ಕೈಚಾಲಿತ ಸ್ಥಾನದಲ್ಲೇ ಉಳಿದಿತ್ತು. ಹಾರನ್ ಮೊಳಗಿತು. ಆದರೆ ಟೇಕಾಫ್‌ಗೆ ಮುನ್ನ ನೆಲದ ಮೇಲೆ ಬರುವ ಬೇರೊಂದು ಎಚ್ಚರಿಕೆಗೂ ಅದೇ ಸದ್ದು. ಪೈಲಟ್‌ಗಳು ಒತ್ತಡದ ಎಚ್ಚರಿಕೆಯನ್ನು ಆ ಟೇಕಾಫ್ ಎಚ್ಚರಿಕೆಯೆಂದೇ ತಿಳಿದು, ಕಾರಣ ಹುಡುಕುತ್ತಲೇ ಪ್ರಜ್ಞೆ ತಪ್ಪಿದರು. ವಿಮಾನದಲ್ಲಿದ್ದ 121 ಜನರೂ ಸತ್ತರು. ಎರಡು ಅಪಾಯಗಳಿಗೆ ಒಂದೇ ದನಿ ಕೊಟ್ಟದ್ದು ವಿನ್ಯಾಸಕಾರರ ತಪ್ಪೆಂದೇ ನನ್ನ ಅಭಿಪ್ರಾಯ. ಆಮೇಲೆ ಈ ಮಾದರಿಯ ವಿಮಾನಗಳಿಗೆ ಪ್ರತ್ಯೇಕ ದೀಪಗಳನ್ನು ಅಳವಡಿಸಲಾಯಿತು.

ಎಚ್ಚರಿಕೆಗಳು ಒಟ್ಟೊಟ್ಟಿಗೆ ಮುತ್ತಿಕೊಂಡರೆ? 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಸ್ ಸಂಸ್ಥೆಯ 32ನೇ ವಿಮಾನದ ಇಂಜಿನ್ ಒಂದು ಸಿಡಿದು, ಚೂರುಗಳು ರೆಕ್ಕೆಯನ್ನು ತೂರಿ, ತಂತಿಗಳನ್ನೂ ಕೊಳವೆಗಳನ್ನೂ ಕತ್ತರಿಸಿದವು. ಆ ಏರ್‌ಬಸ್ ಎ380ರ ಪರದೆಯಲ್ಲಿ ಸಂದೇಶಗಳು ಒಂದರ ಮೇಲೊಂದು ಬರುತ್ತಲೇ ಇದ್ದವು. ಮೊದಲ ಸುತ್ತಿನ ಕ್ರಮಗಳನ್ನು ಮುಗಿಸಲು ಸಿಬ್ಬಂದಿಗೆ ಸುಮಾರು 50 ನಿಮಿಷ ಹಿಡಿಯಿತು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಒಂದು ಹಂತದಲ್ಲಿ ಏನೇನು ಕೆಟ್ಟಿದೆಯೆಂದು ಎಣಿಸುವುದನ್ನು ಬಿಟ್ಟು, ಏನೇನು ಉಳಿದಿದೆ, ಅಷ್ಟರಿಂದ ಹೇಗೆ ಇಳಿಸಬಹುದು ಎಂದು ಯೋಚಿಸಿದರು. 469 ಮಂದಿಯೂ ಉಳಿದುಕೊಂಡರು.

ಬಹುಪಾಲು ದೋಷಗಳು ಇಷ್ಟು ದೂರ ಹೋಗುವುದಿಲ್ಲ. ಪೈಲಟ್ ಇಳಿದ ಮೇಲೆ ವಿಮಾನದ ಲಾಗ್ ಪುಸ್ತಕದಲ್ಲಿ ದೋಷವನ್ನು ಬರೆಯುತ್ತಾರೆ, ಇಂಜಿನಿಯರ್ ಪರೀಕ್ಷಿಸಿ ಸಹಿ ಹಾಕುತ್ತಾರೆ. ಯಾವ ಉಪಕರಣ ಕೆಟ್ಟಿದ್ದರೂ ಯಾವ ಷರತ್ತಿನ ಮೇಲೆ ಹಾರಬಹುದೆಂಬ ಅನುಮೋದಿತ ಪಟ್ಟಿಯೊಂದು ಪ್ರತಿ ವಿಮಾನಕ್ಕೂ ಇರುತ್ತದೆ. ಉಪಕರಣದ ವರ್ಗಕ್ಕನುಗುಣವಾಗಿ ದುರಸ್ತಿಗೆ 3, 10 ಅಥವಾ 120 ದಿನಗಳ ಗಡುವು. ಪಟ್ಟಿ ಒಪ್ಪದಿದ್ದರೆ ವಿಮಾನ ಹೊರಡುವಂತಿಲ್ಲ, ಮಟ್ಟನ್ನೂರಿನಲ್ಲಿ ಪ್ರಯಾಣಿಕರು ಎಷ್ಟು ಹೊತ್ತು ಕಾದು ಕುಳಿತಿದ್ದರೂ.