ಬೆಣ್ಣೆ ದೋಸೆ ಕೆಟ್ಟರೆ ನೀರನ್ನು ಬೈಯಬೇಡಿ

ಪ್ರಶ್ನೆ: ಅಮೆರಿಕದಲ್ಲಿರುವ ಅಕ್ಕನಿಗೆ ನಮ್ಮ ಮನೆಯ ಬೆಣ್ಣೆ ದೋಸೆ ಅಳತೆಯನ್ನು ವಾಟ್ಸಾಪಲ್ಲಿ ಬರೆದು ಕಳಿಸಿದ್ದೆ. ಹಾಗೇ ಮಾಡಿದರೂ ನಮ್ಮ ರುಚಿ ಬರ್ತಿಲ್ಲ ಅಂತಾಳೆ. ದಾವಣಗೆರೆ ನೀರಿಲ್ಲದೆ ಆ ದೋಸೆ ಬರೋದೇ ಇಲ್ಲ ಅಂತ ಅಮ್ಮ ಹೇಳ್ತಾರೆ. ಏನಾದರೂ ದಾರಿ ಇದೆಯಾ?

ಉತ್ತರ: ಇದೆ. ಅಮೆರಿಕದ ಬದಲು ಬೇರೆ ಊರು ಹೇಳಿ, ಬೆಣ್ಣೆ ದೋಸೆ ಬದಲು ಗಿರ್ಮಿಟ್ಟು ಅಥವಾ ಶೇಂಗಾ ಹೋಳಿಗೆ ಹೇಳಿ, ಪ್ರಶ್ನೆ ಮಾತ್ರ ಇದೇ. ಕೊನೆಗೆ ಬಂದು ನಿಲ್ಲುವುದೂ ಅಲ್ಲೇ, 'ನೀರಿನ ಗುಣ'. ಎಷ್ಟು ಸಲ ಹೇಳಿದರೂ ಈ ನೀರಿನ ಮಾತು ಇಂಗುವುದಿಲ್ಲವಾದ್ದರಿಂದ ಮೊದಲು ಅದನ್ನೇ ಮುಗಿಸೋಣ. ಅಳತೆಯ ವಿಚಾರ ಆಮೇಲೆ.

ದಾವಣಗೆರೆ ನೀರು ಅಂದರೆ ಯಾವ ನೀರು? ಊರಿಗೆ ತುಂಗಭದ್ರಾ ನದಿಯ ನೀರು ಬರುತ್ತದೆ. ಭದ್ರಾ ಕಾಲುವೆಯಿಂದ ಬಂದು ಕುಂದವಾಡ ಕೆರೆಯಲ್ಲಿ ನಿಂತ ನೀರೂ ಬರುತ್ತದೆ. ನಲ್ಲಿ ಬಾರದ ದಿನ ಬೋರಿನ ನೀರು, ಕುಡಿಯುವುದಕ್ಕೆ ಕ್ಯಾನಿನ ನೀರು, ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಫಿಲ್ಟರ್ ನೀರು. ಇವುಗಳ ಗುಣ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಊರ ತುಂಬ ದೋಸೆ ಚೆನ್ನಾಗೇ ಆಗುತ್ತದೆ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ನಮ್ಮೂರ ಹೆಸರಿನ ಬೋರ್ಡು ಹಾಕಿಕೊಂಡು ದೋಸೆ ಹೊಯ್ಯುವವರಲ್ಲಿ ಕೈ ಬಲ್ಲವರೂ ಇದ್ದಾರೆ. ಅವರಿಗೇನು ಕುಂದವಾಡ ಕೆರೆಯಿಂದ ಟ್ಯಾಂಕರ್ ಹೋಗುತ್ತದೆಯೇ?

ಇನ್ನು ಲೆಕ್ಕ. ಕೆಳಗೆ ಕೊಡುವ ಅಳತೆಗೆ ಅಕ್ಕಿ, ಬೇಳೆ ನೆನೆಯುವಾಗ ಹೀರಿದ್ದು, ರುಬ್ಬುವಾಗ ಹಾಕಿದ್ದು ಎಲ್ಲ ಸೇರಿ ಸುಮಾರು 800 ಮಿಲಿಲೀಟರ್ ನೀರು ಹಿಟ್ಟಿನೊಳಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ ಎನ್ನುವುದು ನಮ್ಮ ದೇಶದ ಮಾನದಂಡ. ಸರಿಯಾಗಿ ಅಷ್ಟೇ ಇದೆ ಎಂದುಕೊಂಡರೂ 800 ಮಿಲಿಲೀಟರಿನಲ್ಲಿ ಇರುವುದು 0.4 ಗ್ರಾಂ. ಅದೇ ಹಿಟ್ಟಿಗೆ ನೀವು ಕೈಯಾರೆ ಹಾಕುವ ಉಪ್ಪು 12 ಗ್ರಾಂ. ಉಪ್ಪು ಒಂದು ಚಿಟಿಕೆ ಹೆಚ್ಚುಕಡಿಮೆ ಆದರೇ ನೀರಿನ ಇಡೀ ಗುಣ ಅದರಡಿ ಮುಳುಗಿಹೋಗುತ್ತದೆ.

ದೋಸೆಯ ಹಳೆಯ ಕಥೆಯೂ ನೀರಿನ ಪರ ಸಾಕ್ಷಿ ಹೇಳುವುದಿಲ್ಲ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ಇಲ್ಲಿ ದೋಸೆ ಮಾರಲು ಶುರು ಮಾಡಿದರು, ಮೊದಲು ಹೊಯ್ಯುತ್ತಿದ್ದದ್ದು ರಾಗಿ ದೋಸೆ, ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು ಬಂದದ್ದು ಮಕ್ಕಳ ಕಾಲಕ್ಕೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನೀರು ಅದೇ ಇತ್ತು, ಬದಲಾಗಿದ್ದು ಹಿಟ್ಟು. ಹೆಸರು ಬಂದದ್ದು ಹಿಟ್ಟು ಬದಲಾದ ಮೇಲೆ.

ನಿಮ್ಮ ಮನೆಯಲ್ಲೇ ಇನ್ನೂ ದೊಡ್ಡ ಸಾಕ್ಷಿ ಇರಬಹುದು. ಅಮ್ಮ ಬಾಣಂತನಕ್ಕೆಂದು ಅಕ್ಕನ ಮನೆಗೆ ಹೋದಾಗ ಅಲ್ಲಿ ದೋಸೆ ಹೇಗೆ ಬಂದಿತ್ತು, ಕೇಳಿ ನೋಡಿ. ಮೊದಲೆರಡು ಸಲ ಕೆಟ್ಟು ಆಮೇಲೆ ಚೆನ್ನಾಗಿಯೇ ಬಂದಿರುತ್ತದೆ, ಅದೂ ಅಲ್ಲಿನ ನಲ್ಲಿ ನೀರಿನಲ್ಲಿ. ಇದನ್ನು ಹೇಳಿದರೆ ವಾದ ಥಟ್ಟನೆ ನೀರಿನಿಂದ ಕೈಗುಣಕ್ಕೆ ಜಾರುತ್ತದೆ. ಜಾರಲಿ ಬಿಡಿ, ಕೈಗುಣವಾದರೆ ಬರೆದು ಕಳಿಸಬಹುದು. ಡಿಸೆಂಬರ್ ರಾತ್ರಿಗಳಲ್ಲಿ ದಾವಣಗೆರೆಯಲ್ಲೇ ಹಿಟ್ಟು ಏಳದೆ ಸತಾಯಿಸುತ್ತದಲ್ಲ, ಆಗಲೂ ನೀರು ಇದೇ ಊರಿನದು.

ಅಷ್ಟಕ್ಕೂ ನಂಬಿಕೆ ಬಾರದಿದ್ದರೆ 200 ಗ್ರಾಂ ಅಕ್ಕಿಯ ಲೆಕ್ಕದಲ್ಲಿ ಎರಡು ಪಾತ್ರೆ ಮಾಡಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಕ್ಯಾನಿನ ನೀರು, ಉಳಿದದ್ದೆಲ್ಲ ಒಂದೇ. ಯಾವುದು ಯಾವುದೆಂದು ಹೇಳದೆ ಅಮ್ಮನ ಮುಂದಿಡಿ.

ನೀರಿಂದ ಏನೂ ಆಗುವುದಿಲ್ಲ ಎಂದಲ್ಲ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಚಹಾದ ಬಣ್ಣ ಮಂಕಾಗುತ್ತದೆ. ಸಾರು ಕೆಟ್ಟಾಗ ಬೇಕಾದರೆ ನೀರನ್ನು ಬೈಯಿರಿ. ದೋಸೆಗೆ ಬೇಡ. ಈ ನಂಬಿಕೆ ಸಾಯದಿರುವುದಕ್ಕೆ ಕಾರಣ ಬೇರೆ: ಕಳಿಸಿದವರಿಗೆ ಸರಿಯಾಗಿ ಬರೆಯುವ ತೊಂದರೆ ತಪ್ಪುತ್ತದೆ, ಮಾಡಿದವರಿಗೆ ಕೆಟ್ಟ ಹೆಸರು ತಪ್ಪುತ್ತದೆ. ಇಬ್ಬರಿಗೂ ಅನುಕೂಲ.

ಈಗ ನೀವು ಕಳಿಸಿದ ಮೆಸೇಜ್ ತೆಗೆದು ನೋಡಿ. 'ಮೂರು ಪಾವು ಅಕ್ಕಿ, ಒಂದು ಹಿಡಿ ಉದ್ದು, ಒಂದು ಬಟ್ಟಲು ಮಂಡಕ್ಕಿ, ಸ್ವಲ್ಪ ಮೆಂತ್ಯ, ರಾತ್ರಿ ರುಬ್ಬಿಟ್ಟು ಬೆಳಿಗ್ಗೆ ಹೊಯ್ಯಿ' ಎಂದೇ ಇರಬೇಕು. ಪಾವು ನಿಮ್ಮ ಮನೆಯದು, ಹಿಡಿ ಅಮ್ಮನದು, ಬಟ್ಟಲು ಯಾವುದೋ. ಅಕ್ಕ ಅಲ್ಲಿ ಹಿಡಿಯುವ ಕಪ್ಪು 240 ಮಿಲಿಲೀಟರ್. ರೈಸ್ ಕುಕ್ಕರ್ ಜೊತೆ ಬಂದ ಕಪ್ಪಾದರೆ 180. ಎಲ್ಲವನ್ನೂ ಒಂದೇ ಕಪ್ಪಿನಲ್ಲಿ ಅಳೆದರೆ ಪಾಲು ಕೆಡುವುದಿಲ್ಲ, ಆದರೆ ಅಕ್ಕಿ ಕುಕ್ಕರ್ ಕಪ್ಪಿನಲ್ಲಿ, ಉದ್ದು ಕೈಯಲ್ಲಿ ಅಳೆದಾಗ ಉದ್ದಿನ ಪಾಲು ಹೆಚ್ಚಾಗಿ ದೋಸೆ ಮೆತ್ತಗೆ, ರಬ್ಬರಿನಂತೆ ಆಗುತ್ತದೆ. ಹಾಗಾಗಿ ಅಮ್ಮ ಮುಂದಿನ ಸಲ ಅಳೆಯುವಾಗ ಪಕ್ಕದಲ್ಲಿ ತೂಕದ ಯಂತ್ರ ಇಟ್ಟುಕೊಂಡು ಕೂರಿ. ಅಮ್ಮ ಅಳೆದದ್ದನ್ನು ಪಾತ್ರೆಗೆ ಬೀಳುವ ಮೊದಲು ತೂಗಿ ಬರೆಯಿರಿ. 'ಇದೆಲ್ಲ ಯಾಕೆ, ಕಣ್ಣಳತೆ ಸಾಕು' ಅನ್ನುತ್ತಾರೆ. ಆ ಕಣ್ಣಳತೆಯನ್ನೇ ತೂಗುತ್ತಿರುವುದು, ಸುಮ್ಮನೆ ಬರೆದುಕೊಳ್ಳಿ.

ನಿಮ್ಮ ಮನೆಯ ತೂಕ ಸಿಗುವವರೆಗೆ ಅಕ್ಕ ಇದರಲ್ಲಿ ಶುರು ಮಾಡಲಿ: ದೋಸೆ ಅಕ್ಕಿ 600 ಗ್ರಾಂ, ಉದ್ದಿನಬೇಳೆ 100 ಗ್ರಾಂ, ಮಂಡಕ್ಕಿ 40 ಗ್ರಾಂ, ಮೆಂತ್ಯ ಒಂದು ಟೀ ಚಮಚ, ಉಪ್ಪು 12 ಗ್ರಾಂ. ಸುಮಾರು 20 ದೋಸೆ ಆಗುತ್ತವೆ. ದೋಸೆ ಅಕ್ಕಿ ಸಿಗದಿದ್ದರೆ ಸೋನಾ ಮಸೂರಿ ನಡೆಯುತ್ತದೆ, ಬಾಸುಮತಿ ಬೇಡ. ಅಕ್ಕಿ, ಉದ್ದು, ಮೆಂತ್ಯ 5ರಿಂದ 6 ಗಂಟೆ ನೆನೆಯಲಿ. ಮಂಡಕ್ಕಿಯನ್ನು ಮಾತ್ರ ಮೊದಲೇ ಹಾಕಬಾರದು, ರುಬ್ಬುವ 10 ನಿಮಿಷ ಮುಂಚೆ ನೀರಿಗೆ ಹಾಕಿ ಹಿಂಡಿ ತೆಗೆದರೆ ಸಾಕು. ಮಂಡಕ್ಕಿ ಭಟ್ಟಿ ಇರುವ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಅಕ್ಕ ಅಲ್ಲಿ ಹಾಲಿಗೆ ಹಾಕಿಕೊಂಡು ತಿನ್ನುವ ಡಬ್ಬಿಯ ಅರಳನ್ನು ತಂದಿರುವ ಸಾಧ್ಯತೆ ಇದೆ. ಅದರಲ್ಲಿ ಸಕ್ಕರೆ ಇದ್ದರೆ ದೋಸೆ ಬೇಯುವ ಮುಂಚೆಯೇ ಕಪ್ಪಾಗುತ್ತದೆ. ಇಂಡಿಯನ್ ಸ್ಟೋರಿನಲ್ಲಿ ಮಮ್ರಾ ಅಥವಾ ಮುರ್ಮುರಾ ಎಂದು ಬರೆದ ಪ್ಯಾಕೆಟ್ ತರಲಿ. ಅದರಲ್ಲೂ ಉಪ್ಪಿರುತ್ತದೆ, ರುಚಿ ನೋಡಿ ಹಿಟ್ಟಿನ ಉಪ್ಪು ಇಳಿಸಲಿ.

ಇಲ್ಲಿಂದ ಒಯ್ದ 230 ವೋಲ್ಟಿನ ಮಿಕ್ಸಿ ಅಲ್ಲಿನ 120 ವೋಲ್ಟಿಗೆ ಸರಿಯಾಗಿ ಓಡುವುದಿಲ್ಲ, ಹಾಗಾಗಿ ಹೆಚ್ಚಿನವರು ಬ್ಲೆಂಡರಿನಲ್ಲಿ ರುಬ್ಬುತ್ತಾರೆ. ಬ್ಲೆಂಡರ್ ಹಿಟ್ಟನ್ನು ಬಿಸಿ ಮಾಡುತ್ತದೆ. ಫ್ರಿಜ್ಜಿನ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು.

'ರಾತ್ರಿ ರುಬ್ಬಿಟ್ಟು ಬೆಳಿಗ್ಗೆ' ಅನ್ನುವುದು ಈ ರೆಸಿಪಿಯ ಅತಿ ದೊಡ್ಡ ಸುಳ್ಳು. ರಾತ್ರಿ ಅಂದರೆ ನಮ್ಮ ಏಪ್ರಿಲ್ ರಾತ್ರಿಯೋ, ಅವರ ಜನವರಿ ರಾತ್ರಿಯೋ? ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಾಣುಗಳು ಬರುವುದು ಹೆಚ್ಚಾಗಿ ಉದ್ದಿನಿಂದಲೇ, ಅವಕ್ಕೆ ಹಿತವಾದದ್ದು 28ರಿಂದ 32 ಡಿಗ್ರಿ. ಆ ಬಿಸಿಯಲ್ಲಿ 8ರಿಂದ 10 ಗಂಟೆ ಸಾಕು. ಹೀಟರ್ ಹಾಕಿದ ಮನೆ 20 ಡಿಗ್ರಿ ಇರುತ್ತದೆ, ಅಲ್ಲಿ 18 ಗಂಟೆಯಾದರೂ ಆಶ್ಚರ್ಯವಿಲ್ಲ. ಅಕ್ಕ ಬೆಳಿಗ್ಗೆ ಏಳಕ್ಕೆ ಮುಚ್ಚಳ ತೆಗೆದು, ಏಳದ ಹಿಟ್ಟನ್ನೇ ಹೊಯ್ದು, ನೀರಿಲ್ಲ ಅಂತ ಅಳುತ್ತಿದ್ದಾಳೆ. ಅವನ್ ಉರಿಸದೆ ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡಲಿ. ಪಕ್ಕದಲ್ಲೊಂದು ಥರ್ಮಾಮೀಟರ್ ಇರಲಿ, 35 ದಾಟಿದರೆ ಬಾಗಿಲು ಸ್ವಲ್ಪ ತೆರೆದಿಡಬೇಕು. ಅವನ್ ಗುಂಡಿಯ ಮೇಲೆ 'ಒಳಗೆ ಹಿಟ್ಟಿದೆ' ಎಂಬ ಚೀಟಿ ಅಂಟಿಸುವುದು ಕಡ್ಡಾಯ. ಮನೆಯವರು ಕೇಕಿಗೆಂದು ಅವನ್ ಬಿಸಿಗಿಟ್ಟು ಹಿಟ್ಟಿನ ಜೊತೆ ಪಾತ್ರೆಯ ಪ್ಲಾಸ್ಟಿಕ್ ಮುಚ್ಚಳವನ್ನೂ ಕರಗಿಸುವುದು ಹೊಸದೇನಲ್ಲ. ಗಡಿಯಾರ ನೋಡುವುದು ಬಿಟ್ಟು ಪಾತ್ರೆ ನೋಡಲು ಹೇಳಿ: ಹೊರಗಡೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟು, ಹಿಟ್ಟು ಅದರ ಒಂದೂವರೆ ಪಟ್ಟು ಏರಿದಾಗ ಮುಗಿಯಿತು.

ಬೆಣ್ಣೆ. ನಮ್ಮದು ಮೊಸರು ಕಡೆದು ತೆಗೆದ ಬಿಳಿ ಬೆಣ್ಣೆ, ಉಪ್ಪಿಲ್ಲದ್ದು, ತುಸು ಹುಳಿ ಇರುವಂಥದು. ಅಲ್ಲಿನ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದು ಹುಳಿ ಹಾಕದ ಕೆನೆಯಿಂದ ತೆಗೆದ, ಉಪ್ಪು ಬೆರೆಸಿದ ಹಳದಿ ಬೆಣ್ಣೆ. ನಮ್ಮದಕ್ಕೆ ಹತ್ತಿರದ್ದು ಬೇಕೆಂದರೆ 'ಕಲ್ಚರ್ಡ್, ಅನ್‌ಸಾಲ್ಟೆಡ್' ಎಂದು ಎರಡೂ ಬರೆದದ್ದನ್ನು ಹುಡುಕಬೇಕು. ಅಲ್ಲಿನ 113 ಗ್ರಾಮಿನ ಕಡ್ಡಿಯ ಕಾಗದದ ಮೇಲೆ ಗೆರೆ ಎಳೆದು ಎಂಟು ಭಾಗ ಮಾಡಿರುತ್ತಾರೆ, ಒಂದು ಭಾಗದಷ್ಟು ಬೆಣ್ಣೆ ಒಂದು ದೋಸೆಗೆ. ಲೆಕ್ಕ ಕೇಳಿ ಹೌಹಾರುವವರು ಮೊಸರನ್ನ ತಿನ್ನಲಿ. ಬೆಣ್ಣೆಯನ್ನು ಖಾಲಿ ಹಂಚಿಗೆ ಹಾಕಿದರೆ ಅದರೊಳಗಿನ ಹಾಲಿನಂಶ ಸೀದು ಕಮಟು ಬರುತ್ತದೆ. ಹಿಟ್ಟು ಹೊಯ್ದು, ಹೆಚ್ಚು ತೆಳ್ಳಗೆ ಎಳೆಯದೆ, ಮೇಲೆ ತೂತು ಬಿದ್ದು ಅಂಚು ಒಣಗಿದ ಮೇಲೆ ಹಾಕಬೇಕು. ನಾನ್‌ಸ್ಟಿಕ್ ತವಾ ಬಿಸಿ ಹಿಡಿದಿಡುವುದಿಲ್ಲ, ದೋಸೆ ಬೆಳ್ಳಗೇ ಉಳಿಯುತ್ತದೆ. ಎರಕದ ಕಬ್ಬಿಣದ ಹಂಚು ಬೇಕು. ಹೊಯ್ಯುವ ಹೊತ್ತಿಗೆ, ಆ ಸರದಿಗೆ ಬೇಕಾದಷ್ಟು ಹಿಟ್ಟಿಗೆ ಮಾತ್ರ ಚಿಟಿಕೆ ಸೋಡಾ. ಪಲ್ಯ, ಚಟ್ನಿಯಲ್ಲಿ ಯಾರೂ ಅಷ್ಟು ಎಡವುವುದಿಲ್ಲ, ಆಲೂಗಡ್ಡೆಗೆ ಅರಿಶಿನ ಹಾಕದಿದ್ದರೆ ಸಾಕು.

ಅಳತೆ ಕಳಿಸುವವರು ಅದನ್ನು ಐದು ನಿಮಿಷದ ವಾಯ್ಸ್ ಮೆಸೇಜಲ್ಲಿ ಹೇಳಬೇಡಿ. ಕೈಯಲ್ಲಿ ಹಿಟ್ಟು ಮಾಡಿಕೊಂಡವರು ಅದನ್ನು ಹಿಂದೆ ಮುಂದೆ ಓಡಿಸಿ ಕೇಳುವುದು ಹೇಗೆ? ಬರೆದು ಕಳಿಸಿ, ಜೊತೆಗೆ ಎರಡೇ ಎರಡು ಫೋಟೋ ಸಾಕು: ರುಬ್ಬಿದ ಹಿಟ್ಟು ಸೌಟಿನಿಂದ ಬೀಳುತ್ತಿರುವುದು, ಎದ್ದ ಹಿಟ್ಟಿನ ಮೇಲ್ಭಾಗ. ತಟ್ಟೆಯಲ್ಲಿಟ್ಟ ದೋಸೆಯ ಫೋಟೋ ಹೊಟ್ಟೆ ಉರಿಸುವುದಕ್ಕೆ ಮಾತ್ರ ಉಪಯೋಗ.

ಫೋಟೋ ಅಂದ ಮೇಲೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಏಕೆಂದರೆ ಊರು ಸುತ್ತಿದ ಫೋಟೋ ಕಳಿಸುವುದರಲ್ಲೂ ಇದೇ ರೋಗ. ಮಾರಿಕಣಿವೆ ಕೋಡಿ ಹರಿದದ್ದನ್ನೇ ನೋಡಿ. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಅದು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರಲ್ಲೂ ಹರಿಯಿತು. ಆ ಎರಡೂ ವರ್ಷಗಳ ಫೋಟೋಗಳು ಈಗ ನೆಂಟರ ಗ್ರೂಪುಗಳಲ್ಲಿ ಕಲಸಿಹೋಗಿವೆ. ಯಾವ ವರ್ಷ, ಪಕ್ಕದಲ್ಲಿ ನಿಂತ ಹುಡುಗ ದೊಡ್ಡಮ್ಮನ ಮೊಮ್ಮಗನೋ ಸೋದರತ್ತೆಯ ಮೊಮ್ಮಗನೋ ಎಂದು ಇನ್ನೈದು ವರ್ಷಕ್ಕೆ ಯಾರೂ ಹೇಳಲಾರರು. ವಾಟ್ಸಾಪಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗುತ್ತದೆ, ಅದರೊಳಗಿನ ತೆಗೆದ ದಿನಾಂಕವೂ ಅಳಿಸಿಹೋಗುತ್ತದೆ. ಫೈಲಿನ ಹೆಸರಲ್ಲಿ ಕಾಣುವ ತಾರೀಖನ್ನು ನಂಬಬೇಡಿ, ಅದು ಫೋಟೋ ನಿಮ್ಮ ಫೋನಿಗೆ ಬಂದ ದಿನ. ಒಳ್ಳೆಯ ನಾಲ್ಕು ಫೋಟೋಗಳನ್ನಾದರೂ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ದಿನಾಂಕವೂ ಗಾತ್ರವೂ ಉಳಿಯುತ್ತವೆ. ಕೆಳಗೆ ಒಂದು ಸಾಲು ಬರೆಯಿರಿ: ಜಾಗ, ತಿಂಗಳು, ವರ್ಷ, ಎಡದಿಂದ ಬಲಕ್ಕೆ ಯಾರು ಯಾರು. ಮಂಜು ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ನಮ್ಮ ಕಡೆ ಮನೆಗೊಬ್ಬ ಮಂಜು ಇರುತ್ತಾನೆ. ಯಾರ ಮಗ ಎಂದು ಬರೆಯಿರಿ. ದುರ್ಗದ ಕೋಟೆಯಲ್ಲಿ ತೆಗೆದದ್ದಾದರೆ ಓಬವ್ವನ ಕಿಂಡಿಯೋ, ಅಕ್ಕ-ತಂಗಿ ಹೊಂಡವೋ ಎಂಬುದೂ ಇರಲಿ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ಬಂಡೆಗಳೆಲ್ಲ ಒಂದೇ ಥರ ಕಾಣುತ್ತವೆ.

ಇನ್ನು, ದೂರದವರಿಗೆ ಕಳಿಸುವುದರಲ್ಲಿ ಕೊನೆಯದು, ಸಾವಿನ ಸುದ್ದಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗ್ರೂಪಿಗೆ ಹಾಕುವ ಮುಂಚೆ ದೂರದಲ್ಲಿರುವ ಹತ್ತಿರದ ನೆಂಟರಿಗೆ ಫೋನ್ ಹೋಗಬೇಕು. ಹೂಮಾಲೆ ಹಾಕಿದ ಫೋಟೋದ ಸ್ಟೇಟಸ್ ನೋಡಿ ತಂದೆ ಹೋದದ್ದು ಗೊತ್ತಾಗುವ ಸ್ಥಿತಿ ಯಾರಿಗೂ ಬೇಡ. ಮನೆಯಲ್ಲಿ ಒಬ್ಬರು, ಅಳಿಯನೋ ಚಿಕ್ಕಪ್ಪನೋ, ಈ ಕೆಲಸ ವಹಿಸಿಕೊಳ್ಳಲಿ. ಅಮೆರಿಕದ ನೆಂಟರಾದರೆ ಅಕ್ಕನ ಗಂಡನಿಗೆ ಮೊದಲು ಮಾಡುವುದು ಒಳ್ಳೆಯದು, ಆಕೆ ಒಬ್ಬಳೇ ಕಾರಿನಲ್ಲಿರಬಹುದು. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯಾ ಅದಕ್ಕಿಂತ ಮೂರು ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಇಲ್ಲಿ ಭಾನುವಾರ ಬೆಳಿಗ್ಗೆ ಆರು ಗಂಟೆ ಅಂದರೆ ಅಲ್ಲಿ ಇನ್ನೂ ಶನಿವಾರ. ಹಾಗಾಗಿ ಮೆಸೇಜಿನಲ್ಲಿ ವಾರ, ತಾರೀಖು, ಹೊತ್ತು ಬರೆದು ಪಕ್ಕದಲ್ಲಿ 'ಇಲ್ಲಿನ ಸಮಯ' ಎಂದು ಸೇರಿಸಿ. ವರ್ಷಾಬ್ದಿಕಕ್ಕೆ ತಿಥಿ ಹಿಡಿಯುವಾಗ ಅವರು ಆ ಮೆಸೇಜನ್ನೇ ಹುಡುಕುತ್ತಾರೆ.