ಅಡ್ಮಿನ್ ಪಾಸ್‌ವರ್ಡ್ ಕೊಡದೆ ಚೆಕ್‌ರೋಲ್ ಸಾಫ್ಟ್‌ವೇರ್ ನಡೆಸಬಹುದಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಆಫೀಸಿನ ಕಂಪ್ಯೂಟರಿನಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಲೆಕ್ಕ) ಬರೆಯಲು ಒಂದು ಹಳೆಯ ಸಾಫ್ಟ್‌ವೇರ್ ಇದೆ. ನನ್ನ ಲಾಗಿನ್‌ನಲ್ಲಿ ಚೆನ್ನಾಗಿ ಓಡುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಲಾಗಿನ್‌ನಲ್ಲಿ ತೆರೆದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ನಾನು ಊರಲ್ಲಿ ಇಲ್ಲದ ದಿನ ಎಂಟ್ರಿ ನಿಲ್ಲುತ್ತದೆ. ಪಾಸ್‌ವರ್ಡ್ ಕೊಟ್ಟುಬಿಡಲಾ?

ಉತ್ತರ: ದಯವಿಟ್ಟು ಕೊಡಬೇಡಿ. ರೈಟರ್ ಮೇಲೆ ಅನುಮಾನ ಅಂತಲ್ಲ. ಅಡ್ಮಿನ್ ಅಧಿಕಾರ ಇರುವ ಲಾಗಿನ್‌ನಲ್ಲಿ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಬಂದರೆ, ಅದಕ್ಕೂ ಅಷ್ಟೇ ಅಧಿಕಾರ ಸಿಗುತ್ತದೆ. ಕೊಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅನ್ನುವ ಲೆಕ್ಕವೆಲ್ಲ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಅದು ಹೋದರೆ ಆಳುಗಳ ಕೂಲಿಗೇ ಪೆಟ್ಟು.

ಮೊದಲು ಕಾರಣ ನೋಡೋಣ. ವಿಂಡೋಸ್‌ನಲ್ಲಿ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಇನ್‌ಸ್ಟಾಲ್ ಆಗುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇರುವುದನ್ನು ಸಾಮಾನ್ಯ ಬಳಕೆದಾರರು ಓದಬಹುದು, ಓಡಿಸಬಹುದು, ಆದರೆ ಬದಲಿಸುವ ಹಾಗಿಲ್ಲ. ಹಳೆಯ ಸಾಫ್ಟ್‌ವೇರ್‌ಗಳು ಡೇಟಾವನ್ನೂ ತಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತವೆ. ಅಲ್ಲಿ ಬರೆಯಲು ಆಗದೆ ತೊಂದರೆ ಕೊಡುತ್ತವೆ. ಇನ್‌ಸ್ಟಾಲ್ ಮಾಡಲು ಬಂದವರು ಗೋಜೇ ಬೇಡ ಅಂತ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಟಿಕ್ ಮಾಡಿ ಹೋಗುತ್ತಾರೆ. ನಿಮ್ಮಲ್ಲೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ.

ಹಾಗಾಗಿ ಮೊದಲು ಅದನ್ನೇ ನೋಡಿ. ಸಾಫ್ಟ್‌ವೇರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಆ ಟಿಕ್ ಇದ್ದರೆ ತೆಗೆಯಿರಿ. 'ಚೇಂಜ್ ಸೆಟ್ಟಿಂಗ್ಸ್ ಫಾರ್ ಆಲ್ ಯೂಸರ್ಸ್' ಒಳಗೂ ಒಮ್ಮೆ ನೋಡಿ. ಪಾಸ್‌ವರ್ಡ್ ಕೇಳುವುದು ಅಲ್ಲಿಗೇ ನಿಲ್ಲಬಹುದು, ಆದರೆ ಎಂಟ್ರಿ ಸರಿಯಾಗಿ ಸೇವ್ ಆಗದಿರಬಹುದು. ಈಗ ಫೋಲ್ಡರ್ ಅನುಮತಿಯ ಕೆಲಸ.

ನಿಮ್ಮ ಲಾಗಿನ್‌ನಲ್ಲಿ, ಸಾಫ್ಟ್‌ವೇರಿನ ಫೋಲ್ಡರ್ ಒಳಗೆ ಡೇಟಾ ಇರುವ ಸಬ್‌ಫೋಲ್ಡರ್ ಹುಡುಕಿ. ಅದರ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ ಟ್ಯಾಬ್, ಅಲ್ಲಿ ಎಡಿಟ್. ಪಟ್ಟಿಯಲ್ಲಿ 'ಯೂಸರ್ಸ್' ಆರಿಸಿ, 'ಮಾಡಿಫೈ' ಎದುರಿನ 'ಅಲೋ' ಟಿಕ್ ಮಾಡಿ, ಓಕೆ ಕೊಡಿ. ಅನುಮತಿ ಡೇಟಾ ಫೈಲ್ ಒಂದಕ್ಕೇ ಕೊಟ್ಟರೆ ಸಾಲದು, ಫೋಲ್ಡರಿಗೇ ಬೇಕು. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಬಳಸುವ ಸಾಫ್ಟ್‌ವೇರ್ ಆಗಿದ್ದರೆ, ತೆರೆದ ಕೂಡಲೇ ಪಕ್ಕದಲ್ಲಿ ಒಂದು ಲಾಕ್ ಫೈಲ್ ಹುಟ್ಟುತ್ತದೆ, ಮುಚ್ಚಿದಾಗ ಅಳಿಯುತ್ತದೆ. ಅದನ್ನು ಮಾಡಲು, ಅಳಿಸಲು ಫೋಲ್ಡರಿನಲ್ಲಿ ಅನುಮತಿ ಬೇಕಲ್ವಾ?

'ಫುಲ್ ಕಂಟ್ರೋಲ್' ಮಾತ್ರ ಕೊಡಬೇಡಿ. ಸುಮಾರು ಜನ ಸುಮ್ನೆ ಅದನ್ನೇ ಟಿಕ್ ಮಾಡುತ್ತಾರೆ. ಅದರಲ್ಲಿ ಅನುಮತಿಗಳನ್ನೇ ಬದಲಿಸುವ ಅಧಿಕಾರವೂ ಸೇರಿದೆ. ದಿನದ ಎಂಟ್ರಿಗೆ ಮಾಡಿಫೈ ಸಾಕು.

ಇಡೀ ಸಾಫ್ಟ್‌ವೇರ್ ಫೋಲ್ಡರಿಗೆ ಯಾಕೆ ಕೊಡಬಾರದು ಅಂತ ಕೇಳಬಹುದು. ಸಾಫ್ಟ್‌ವೇರನ್ನು ಓಡಿಸುವ ಮುಖ್ಯ ಫೈಲ್ ಇರುವುದೂ ಅಲ್ಲೇ. ರೈಟರ್ ಲಾಗಿನ್‌ನಲ್ಲಿ ಸೇರಿಕೊಂಡ ವೈರಸ್ ಆ ಫೈಲನ್ನೇ ಬದಲಿಸಿಟ್ಟರೆ, ಮುಂದೆ ನೀವು ಅದನ್ನು ಅಡ್ಮಿನ್ ಆಗಿ ಓಡಿಸಿದಾಗ ನಿಮ್ಮ ಅಧಿಕಾರವೂ ಅದರ ಕೈಗೆ ಹೋಗುತ್ತದೆ. ಪಾಸ್‌ವರ್ಡ್ ಕೊಡದೆ ಉಳಿಸಿಕೊಂಡಿದ್ದು ಹೀಗೆ ಹಿಂಬಾಗಿಲಿನಿಂದ ಹೋಗಬಾರದು. ಡೇಟಾ ಮತ್ತು ಪ್ರೋಗ್ರಾಂ ಒಂದೇ ಫೋಲ್ಡರಿನಲ್ಲಿ ಬೆರೆತಿದ್ದರೆ, ಡೇಟಾದ ಜಾಗ ಬದಲಿಸಲು ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ದಾರಿ ಇದೆಯಾ ನೋಡಿ, ಇಲ್ಲವೇ ಮಾರಿದವರನ್ನು ಕೇಳಿ. ಬೇರೆ ದಾರಿಯೇ ಇಲ್ಲದೆ ಇಡೀ ಫೋಲ್ಡರಿಗೆ ಮಾಡಿಫೈ ಕೊಟ್ಟರೆ, ನೀವೂ ಆ ಸಾಫ್ಟ್‌ವೇರನ್ನು ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಲಾಗಿನ್‌ನಿಂದಲೇ ಬಳಸಿ.

ಇನ್ನೊಂದು ತೊಡಕಿದೆ, ಇದು ಜನರನ್ನು ತುಂಬಾ ಸತಾಯಿಸುತ್ತದೆ. ರೈಟರ್ ಎಂಟ್ರಿ ಮಾಡುತ್ತಾರೆ, ಸೇವ್ ಆಯ್ತು ಅಂತ ಬರುತ್ತದೆ. ನಿಮ್ಮ ಲಾಗಿನ್‌ನಲ್ಲಿ ನೋಡಿದರೆ ಏನೂ ಇಲ್ಲ! ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೆಲವು ಹಳೆಯ 32 ಬಿಟ್ ಸಾಫ್ಟ್‌ವೇರ್‌ಗಳು ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋದರೆ, ವಿಂಡೋಸ್ ತಡೆಯುವ ಬದಲು ಆ ಫೈಲಿನ ಬೇರೆ ಪ್ರತಿ ಮಾಡಿ ಕೊಡುತ್ತದೆ. ಅದು ರೈಟರ್ ಅವರ ಯೂಸರ್ ಫೋಲ್ಡರಿನಲ್ಲಿ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಅಂತ ಒಳಗೆ ಕೂತಿರುತ್ತದೆ. ಆ್ಯಪ್‌ಡೇಟಾ ಕಾಣದಿದ್ದರೆ ಹಿಡನ್ ಫೈಲ್ಸ್ ತೋರಿಸುವ ಆಯ್ಕೆ ಹಾಕಿ. ಆ ಪ್ರತಿ ಇರುವವರೆಗೂ, ನೀವು ಮಾಡಿಫೈ ಕೊಟ್ಟ ಮೇಲೂ, ರೈಟರ್ ಲಾಗಿನ್‌ನಲ್ಲಿ ಸಾಫ್ಟ್‌ವೇರ್ ಅದನ್ನೇ ಮೊದಲು ಓದುತ್ತದೆ. ಆ ಪ್ರತಿ, ಅಸಲಿ ಫೈಲ್ ಎರಡನ್ನೂ ಬ್ಯಾಕಪ್ ತೆಗೆದಿಡಿ. ಯಾವುದರಲ್ಲಿ ಸರಿಯಾದ ಲೆಕ್ಕ ಇದೆಯೋ ಅದನ್ನು ಅಸಲಿ ಜಾಗಕ್ಕೆ ಹಾಕಿ, ಆಮೇಲೆ ವರ್ಚುವಲ್‌ಸ್ಟೋರ್‌ನಲ್ಲಿ ಇರುವುದನ್ನು ಅಳಿಸಿ. ಎರಡರಲ್ಲೂ ಬೇರೆ ಬೇರೆ ದಿನದ ಎಂಟ್ರಿ ಇದ್ದರೆ, ಕಾಗದದ ಚೆಕ್‌ರೋಲ್ ಮುಂದಿಟ್ಟುಕೊಂಡು ಕೈಯಾರೆ ಸೇರಿಸಬೇಕು.

ಇಷ್ಟಾದರೂ ಸೇವ್ ಆಗದಿದ್ದರೆ ಮೈಕ್ರೋಸಾಫ್ಟ್‌ನ ಪ್ರೋಸೆಸ್ ಮಾನಿಟರ್ ಅನ್ನುವ ಉಚಿತ ಸಾಧನ ಇದೆ. ಅದರಲ್ಲಿ 'ಆಕ್ಸೆಸ್ ಡಿನೈಡ್' ಅಂತ ಬಂದ ಸಾಲುಗಳನ್ನು ಸೋಸಿ ನೋಡಿದರೆ, ಯಾವ ಫೋಲ್ಡರ್ ಅಥವಾ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್ಸ್ ಇಡುವ ಜಾಗ) ಕೀಯಲ್ಲಿ ತಡೆ ಇದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಟಿಕ್ ತೆಗೆದ ಮೇಲೂ ಪಾಸ್‌ವರ್ಡ್ ಕೇಳುತ್ತಲೇ ಇದ್ದರೆ, ಬರೆದವರೇ ಸಾಫ್ಟ್‌ವೇರಿನೊಳಗೆ ಅಡ್ಮಿನ್ ಬೇಕು ಅಂತ ಸೇರಿಸಿರಬಹುದು. ಅದು ಫೋಲ್ಡರ್ ಅನುಮತಿಯಿಂದ ಹೋಗುವುದಿಲ್ಲ, ಅವರನ್ನೇ ಕೇಳಬೇಕು.

ಮಾಡಿಫೈ ಕೊಟ್ಟ ಫೋಲ್ಡರಿನ ಡೇಟಾವನ್ನು ರೈಟರ್ ಲಾಗಿನ್‌ಗೆ ಬಂದ ವೈರಸ್ ಕೂಡ ಹಾಳು ಮಾಡಬಲ್ಲದು. ಅದಕ್ಕೆ ದಿನವೂ ಒಂದು ಬ್ಯಾಕಪ್ ಹೊರಗಿನ ಡ್ರೈವ್‌ಗೆ ಹೋಗಲಿ, ಕೆಲಸ ಮುಗಿದ ಮೇಲೆ ಆ ಡ್ರೈವ್ ಬಿಚ್ಚಿಡಿ. ಸಾಫ್ಟ್‌ವೇರನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅನುಮತಿ ಹೋಗಿರಬಹುದು. ಆಗ ರೈಟರ್ ಲಾಗಿನ್‌ನಲ್ಲಿ ಒಂದು ಎಂಟ್ರಿ ಹಾಕಿ, ನಿಮ್ಮ ಲಾಗಿನ್‌ನಲ್ಲಿ ಅದು ಕಾಣುತ್ತದಾ ಅಂತ ಬಟವಾಡೆಗೆ ಮುಂಚೆಯೇ ನೋಡಿಕೊಳ್ಳಿ.