ಕಡತ ಒಂದೇ, ದಾಖಲೆ ಎರಡು

ಶಿವಮೊಗ್ಗದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ವಿತರಣೆ (ಲಿನಕ್ಸ್ ಆಧಾರದ ಸಿದ್ಧ ಕಾರ್ಯವ್ಯವಸ್ಥೆ) ಹಾಕಿರುವ ಕೆಲವು ಹಳೆಯ ಕಂಪ್ಯೂಟರ್‌ಗಳಿವೆ. ಅಲ್ಲಿಗೆ ಲಿನಕ್ಸ್ ಹೇಳಿಕೊಡಲು ಹೋಗಿದ್ದಾಗ ವಿದ್ಯಾರ್ಥಿನಿಯೊಬ್ಬಳು ಪರದೆಯನ್ನು ನನ್ನತ್ತ ತಿರುಗಿಸಿದಳು. ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಎಲ್ಲಿದೆ ಎಂದು ಅವಳು ಯಂತ್ರವನ್ನು ಕೇಳಿದ್ದಳು. /ಯೂಸರ್/ಬಿನ್‌ನಲ್ಲಿದೆ ಎಂಬ ಉತ್ತರ ಬಂದಿತ್ತು. ಆ ಕಡತ ಯಾವ ಪ್ಯಾಕೇಜಿಗೆ, ಅಂದರೆ ಒಟ್ಟಾಗಿ ಸ್ಥಾಪಿಸುವ ಯಾವ ತಂತ್ರಾಂಶದ ಕಟ್ಟಿಗೆ, ಸೇರಿದ್ದು ಎಂದು ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಯನ್ನು ಕೇಳಿದರೆ, ಅಂತಹ ಕಡತವನ್ನೇ ತಾನು ಅರಿಯೆ ಎನ್ನುತ್ತಿತ್ತು. “ಇಲ್ಲೇ ಇದೆಯಲ್ಲ ಸರ್, ಓಡ್ತಾನೂ ಇದೆ, ಯಾರದ್ದೂ ಅಲ್ಲ ಅಂದ್ರೆ ಹೇಗೆ?” ಎಂದಳು. /ಯೂಸರ್ ಅನ್ನು ತೆಗೆದು ಬರಿಯ /ಬಿನ್ ಎಂದು ಕೇಳು ಎಂದೆ. ತಕ್ಷಣ ‘ಕೋರ್‌ಯುಟಿಲ್ಸ್’ ಎಂಬ ಉತ್ತರ ಬಂತು. ಕಡತ ಒಂದೇ, ಅದನ್ನು ಹಳೆಯ ವಿಳಾಸದಿಂದ ಕೇಳಿದರೆ ಮಾತ್ರ ಯಂತ್ರದ ದಾಖಲೆಗೆ ಗುರುತು ಸಿಗುತ್ತಿತ್ತು.

ಈ ಸಣ್ಣ ವಿಚಿತ್ರದ ಹಿಂದೆ, /ಬಿನ್ ಮತ್ತು /ಯೂಸರ್/ಬಿನ್‌ನಂತಹ ಜೋಡಿ ಡೈರೆಕ್ಟರಿಗಳನ್ನು ಒಂದು ಮಾಡುವ ಬಗ್ಗೆ ಹತ್ತು ವರ್ಷಕ್ಕೂ ಮೀರಿದ ವಾದವಿದೆ, ಅದರ ಹಿಂದೆ ಐವತ್ತು ವರ್ಷಕ್ಕೂ ಹಳೆಯದಾದ ಒಂದು ಜಾಗದ ಕೊರತೆಯಿದೆ.

ಕೊರತೆಯಿಂದಲೇ ಆರಂಭಿಸಬೇಕು. 1970ರ ದಶಕದ ಮೊದಲ ವರ್ಷಗಳಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಮುಂದೆ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಪಿಡಿಪಿ-11 ಯಂತ್ರದ ಮೇಲೆ ಬೆಳೆಸುತ್ತಿದ್ದಾಗ ಡಿಸ್ಕುಗಳ ಗಾತ್ರ ಇಂದಿನ ಒಂದು ಫೋಟೋ ಹಿಡಿಸುವಷ್ಟೂ ಇರಲಿಲ್ಲ. ಮೊದಲ ಡಿಸ್ಕಿನಲ್ಲಿ ವ್ಯವಸ್ಥೆಯ ಆಜ್ಞೆಗಳು /ಬಿನ್ ಎಂಬ ಡೈರೆಕ್ಟರಿಯಲ್ಲಿದ್ದವು. ಎರಡನೆಯ ಡಿಸ್ಕಿನಲ್ಲಿ ಬಳಕೆದಾರರ ಸ್ವಂತ ಕಡತಗಳಿದ್ದವು, ಹಾಗಾಗಿಯೇ ಅದಕ್ಕೆ ‘ಯೂಸರ್’ ಎಂಬ ಹೆಸರಿನ ಮೊಟಕು ರೂಪ ಬಂತು. ಮೊದಲ ಡಿಸ್ಕು ತುಂಬಿದಾಗ ಉಳಿದ ಆಜ್ಞೆಗಳನ್ನು ಎರಡನೆಯದಕ್ಕೆ ಸರಿಸಿ /ಯೂಸರ್/ಬಿನ್ ಮಾಡಿದರು. ಎರಡನೆಯ ಡಿಸ್ಕನ್ನು ಜೋಡಿಸುವ ಮೌಂಟ್ ಆಜ್ಞೆ ಮಾತ್ರ ಮೊದಲನೆಯದರಲ್ಲೇ ಉಳಿಯಬೇಕಾಯಿತು, ಏಕೆಂದರೆ ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕುವಂತಿಲ್ಲ. ಇಡೀ ವಿಭಜನೆಯಲ್ಲಿ ತರ್ಕವೆಂಬುದು ಇದ್ದರೆ ಇಷ್ಟೇ ಇತ್ತು. ಬಳಕೆದಾರರ ಕಡತಗಳು ಮುಂದೆ /ಹೋಮ್‌ಗೆ ಹೋದವು. /ಯೂಸರ್ ಎಂಬ ಹೆಸರು ಬಳಕೆದಾರರಿಲ್ಲದೆಯೇ ಉಳಿದುಕೊಂಡಿತು.

ಕೊರತೆ ನೀಗಿದ ಮೇಲೂ ವಿಭಜನೆ ಉಳಿಯಿತು, ಅದಕ್ಕೆ ಸಮರ್ಥನೆಗಳೂ ಹುಟ್ಟಿದವು. ಯಂತ್ರ ಕೆಟ್ಟಾಗ ರಿಪೇರಿಗೆ ಬೇಕಾದಷ್ಟು ಸಾಮಗ್ರಿ ಸಣ್ಣ ಮೂಲ ವಿಭಾಗದಲ್ಲಿರಲಿ, ಉಳಿದದ್ದು /ಯೂಸರ್‌ನಲ್ಲಿರಲಿ, ಅದನ್ನು ಬೇಕಿದ್ದರೆ ಜಾಲದ ಮೂಲಕ ಹಲವು ಯಂತ್ರಗಳು ಹಂಚಿಕೊಳ್ಳಲಿ ಎಂಬ ವಾದ ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. 1994ರ ಫೆಬ್ರುವರಿಯಲ್ಲಿ ಲಿನಕ್ಸ್‌ಗೆಂದು ಹೊರಬಂದ ಮೊದಲ ಕಡತವ್ಯವಸ್ಥೆಯ ಮಾನಕ, ನಂತರ ಅದು ಬೆಳೆದು ಆದ ಎಫ್‌ಎಚ್‌ಎಸ್, ಎರಡೂ ಈ ಸಮರ್ಥನೆಯನ್ನು ನಿಯಮವಾಗಿ ಬರೆದುಕೊಂಡವು. ಎಫ್‌ಎಚ್‌ಎಸ್‌ನ 3.0 ಆವೃತ್ತಿ ಹೊರಬಂದದ್ದು 2015ರಲ್ಲಿ. ಆ ಹೊತ್ತಿಗೆ ದೊಡ್ಡ ವಿತರಣೆಗಳಲ್ಲಿ ಕೆಲವು /ಬಿನ್ ಮತ್ತು /ಯೂಸರ್/ಬಿನ್ ಎರಡನ್ನೂ ಒಂದು ಮಾಡಿ ಎರಡು-ಮೂರು ವರ್ಷವಾಗಿತ್ತು. ಮಾನಕ ಮಾತ್ರ /ಬಿನ್‌ಗೆ ಬೇರೆ ಅಧ್ಯಾಯವನ್ನೇ ಇಟ್ಟುಕೊಂಡಿತ್ತು.

ವಾಸ್ತವದಲ್ಲಿ ವಿಭಜನೆಯನ್ನು ಕೊಂದದ್ದು ಯಾರ ತೀರ್ಮಾನವೂ ಅಲ್ಲ, ಬೂಟ್ ಆಗುವ ಕ್ರಮ ಬದಲಾದದ್ದು. ಇನಿಟ್‌ರ್‍ಯಾಮ್‌ಎಫ್‌ಎಸ್ ಬಂದಾಗ, ಅಂದರೆ ವ್ಯವಸ್ಥೆಯ ತಿರುಳಾದ ಕರ್ನಲ್ ಜೊತೆಗೇ ಒಂದು ಪುಟ್ಟ ಕಡತವ್ಯವಸ್ಥೆ ನೆನಪಿನೊಳಗೆ ತೆರೆದುಕೊಳ್ಳತೊಡಗಿದಾಗ, ಡಿಸ್ಕುಗಳನ್ನು ಹುಡುಕಿ ಜೋಡಿಸುವ ಹಿಂದಿನ /ಬಿನ್‌ನ ಕೆಲಸ ಅದಕ್ಕೆ ಹೋಯಿತು. ಇತ್ತ, ಸಾಧನಗಳನ್ನು ಗುರುತಿಸುವ ಯುಡೆವ್‌ನ ನಿಯಮಗಳು /ಯೂಸರ್/ಷೇರ್‌ನಲ್ಲಿರುವ ಯುಎಸ್‌ಬಿ ಮತ್ತು ಪಿಸಿಐ ಸಾಧನಗಳ ಪಟ್ಟಿಯನ್ನು ನೋಡತೊಡಗಿದವು. /ಯೂಸರ್ ಜೋಡಣೆಯಾಗುವ ಮುನ್ನವೇ ಆ ನಿಯಮಗಳು ಓಡಿದರೆ ಪಟ್ಟಿ ಸಿಗದು, ಸಾಧನಕ್ಕೆ ಹೆಸರು ಸಿಗದು, ದೋಷದ ಸಂದೇಶವೂ ಕಾಣದು. /ಯೂಸರ್ ಅನ್ನು ಬೇರೆ ವಿಭಾಗದಲ್ಲಿಟ್ಟು ಇನಿಟ್‌ರ್‍ಯಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವ ಪದ್ಧತಿ ಆಗಲೇ ಮುರಿದುಬಿದ್ದಿದೆ, ಯಾರೂ ಗಮನಿಸಿಲ್ಲ ಅಷ್ಟೇ ಎಂದು ಯಂತ್ರ ಏಳುವಾಗ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿ ರೂಪಿಸಿದವರು ಹೇಳಿದಾಗ ಅನೇಕರು ಸಿಟ್ಟಾದರು. ನನ್ನ ಮಟ್ಟಿಗೆ ಅವರ ದನಿ ಒರಟಾಗಿತ್ತು, ಮಾತು ಸರಿಯಾಗಿತ್ತು.

2012ರ ಮೇ ತಿಂಗಳಲ್ಲಿ ಬಂದ ಫೆಡೋರಾ 17 ಎಂಬ ವಿತರಣೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿತು: /ಬಿನ್, /ಎಸ್‌ಬಿನ್, /ಲಿಬ್, /ಲಿಬ್64 (ಕೊನೆಯ ಎರಡು, ಆಜ್ಞೆಗಳಿಗೆ ಬೇಕಾದ ಲೈಬ್ರರಿಗಳ ಜಾಗ) ಇವುಗಳ ಒಳಗಿದ್ದದ್ದೆಲ್ಲ /ಯೂಸರ್‌ನ ಒಳಗಿನ ಜೋಡಿ ಡೈರೆಕ್ಟರಿಗಳಿಗೆ ಹೋಗಿ, ಹಳೆಯ ಹೆಸರುಗಳು ಅಲ್ಲಿಗೆ ತೋರುವ ಕೊಂಡಿಗಳಾದವು. 2013ರ ನಡುವಿನ ಹೊತ್ತಿಗೆ ಆರ್ಚ್ ಲಿನಕ್ಸ್ ಕೂಡ ಇದನ್ನೇ ಮಾಡಿತು. ಯುನಿಕ್ಸ್ ವಂಶದ ಸೋಲಾರಿಸ್ ಬಳಸಿದವರಿಗೆ ಇದೇನೂ ಹೊಸತಲ್ಲ. ಅಲ್ಲಿ /ಬಿನ್ ಬಹಳ ಹಿಂದೆಯೇ ಕೊಂಡಿಯಾಗಿತ್ತು. ಲಾಭಗಳು ನೇರವಾಗಿದ್ದವು. ಒಂದು ಆಜ್ಞೆ /ಬಿನ್‌ನಲ್ಲಿದೆಯೋ /ಯೂಸರ್/ಬಿನ್‌ನಲ್ಲಿದೆಯೋ ಎಂಬುದು ವಿತರಣೆಯಿಂದ ವಿತರಣೆಗೆ ಬೇರೆಯಾಗಿ, ಒಂದರಲ್ಲಿ ಬರೆದ ಸ್ಕ್ರಿಪ್ಟು ಇನ್ನೊಂದರಲ್ಲಿ ‘ಅಂತಹ ಕಡತವಿಲ್ಲ’ ಎಂದು ಬೀಳುವ ತೊಂದರೆ ತಪ್ಪಿತು. ಪ್ಯಾಕೇಜುಗಳು ಹಾಕಿದ್ದೆಲ್ಲ /ಯೂಸರ್ ಒಂದರಲ್ಲೇ ಇರುವುದರಿಂದ ಅದೊಂದನ್ನೇ ಪ್ರತಿ ತೆಗೆದಿಡಬಹುದು, ಬರೆಯಲಾಗದಂತೆ ಮುಚ್ಚಿಡಬಹುದು.

ಹಾಗಾದರೆ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ಗೆ ಅದೇ ಕೆಲಸ ಮುಗಿಸಲು 2025ರವರೆಗೆ ಏಕೆ ಹಿಡಿಯಿತು? ಇಲ್ಲಿ ಡಿಪಿಕೆಜಿಯ ಲೆಕ್ಕದ ಪುಸ್ತಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಯಾವ ಪ್ಯಾಕೇಜು ಯಾವ ಕಡತವನ್ನು ಎಲ್ಲಿ ಇಟ್ಟಿತು ಎಂಬುದನ್ನು ಡಿಪಿಕೆಜಿ ತನ್ನ ದಾಖಲೆಯಲ್ಲಿ ದಾರಿಯ ಹೆಸರಿನಿಂದ ಬರೆದಿಡುತ್ತದೆ. ಎರಡು ಪ್ಯಾಕೇಜುಗಳು ಒಂದೇ ಕಡತವನ್ನು ಹಾಕಲು ಬಂದರೆ ತಡೆಯುವುದು, ಹಳೆಯ ಆವೃತ್ತಿಯಲ್ಲಿದ್ದು ಹೊಸದರಲ್ಲಿಲ್ಲದ ಕಡತವನ್ನು ಅಳಿಸುವುದು, ಎಲ್ಲವೂ ಈ ಹೆಸರಿನ ಮೇಲೆಯೇ ನಿಂತಿದೆ. ಡಿಪಿಕೆಜಿಯ ಕಣ್ಣಿಗೆ /ಲಿಬ್‌ನಲ್ಲಿರುವ ಒಂದು ಕಡತವೂ /ಯೂಸರ್/ಲಿಬ್‌ನಲ್ಲಿರುವ ಅದೇ ಹೆಸರಿನ ಕಡತವೂ ಬೇರೆ ಬೇರೆ. ಅದರ ಬೆನ್ನ ಹಿಂದೆ ಯಾರೋ /ಲಿಬ್ ಅನ್ನು ಕೊಂಡಿಯಾಗಿಸಿ ಎರಡನ್ನೂ ಒಂದು ಮಾಡಿದ್ದಾರೆಂಬುದು ಅದಕ್ಕೆ ಗೊತ್ತಿಲ್ಲ.

ಶಿವಮೊಗ್ಗದವರಿಗೆ ಇದು ಹೊಸ ಅನುಭವವಲ್ಲ. ಕನ್ನಡದಲ್ಲಿ ಊರು ಎಂದಿನಿಂದಲೂ ಶಿವಮೊಗ್ಗವೇ. ಇಂಗ್ಲಿಷ್ ದಾಖಲೆಗಳಲ್ಲಿದ್ದ ‘ಶಿಮೊಗ’ 2014ರ ನವೆಂಬರ್ 1ರಂದು ಅಧಿಕೃತವಾಗಿ ಹೋಯಿತು, ಆದರೆ ರೈಲು ನಿಲ್ದಾಣದ ಸಂಕೇತ ಇಂದಿಗೂ ‘ಎಸ್‌ಎಂಇಟಿ’. ಎರಡೂ ಹೆಸರು ಬಲ್ಲ ಗುಮಾಸ್ತರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಬೇರೆ ರಾಜ್ಯದ ಗೋದಾಮಿನಲ್ಲಿ ಕುಳಿತು ಎರಡನ್ನೂ ಬೇರೆ ಊರೆಂದೇ ತಿಳಿದವನೊಬ್ಬನಿದ್ದಾನೆ ಎಂದುಕೊಳ್ಳಿ. ಶಿವಮೊಗ್ಗದ ಅಂಗಡಿಗೆ ಹೊಸ ಸರಕು ಇಳಿಸಿದ ಮಾರನೆಯ ದಿನ ‘ಶಿಮೊಗದ ಅಂಗಡಿ ಮುಚ್ಚಿದೆ, ಅಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿ’ ಎಂಬ ಆದೇಶವನ್ನು ಅವನೇ ಕಳಿಸುತ್ತಾನೆ. ಲಾರಿ ಬರುತ್ತದೆ, ಹೊಸ ಸರಕನ್ನೇ ಹೇರಿಕೊಂಡು ಹೋಗುತ್ತದೆ.

ಡಿಪಿಕೆಜಿಯಲ್ಲಿ ಆಗಬಹುದಾಗಿದ್ದದ್ದು ಅಕ್ಷರಶಃ ಇದೇ. ಒಂದು ಕಡತ ‘ಅ’ ಪ್ಯಾಕೇಜಿನಿಂದ ‘ಆ’ ಪ್ಯಾಕೇಜಿಗೆ ಹೋಗಿ, ಜೊತೆಗೇ /ಲಿಬ್‌ನಿಂದ /ಯೂಸರ್/ಲಿಬ್‌ಗೂ ಸರಿಯಿತು ಎಂದಿಟ್ಟುಕೊಳ್ಳೋಣ. ಯಂತ್ರವನ್ನು ಮೇಲ್ದರ್ಜೆಗೇರಿಸುವಾಗ ಮೊದಲು ‘ಆ’ ಬಂದು ಹೊಸ ಕಡತವನ್ನು /ಯೂಸರ್/ಲಿಬ್‌ನಲ್ಲಿ ಇಡುತ್ತದೆ. ಹೆಸರು ಬೇರೆಯಾದ್ದರಿಂದ ಡಿಪಿಕೆಜಿಗೆ ಘರ್ಷಣೆ ಕಾಣುವುದಿಲ್ಲ. ಆಮೇಲೆ ‘ಅ’ದ ಹೊಸ ಆವೃತ್ತಿ ಬರುತ್ತದೆ. ಅದರಲ್ಲಿ ಈ ಕಡತವಿಲ್ಲ, ಆದ್ದರಿಂದ /ಲಿಬ್‌ನಲ್ಲಿರುವ ಹಳೆಯದನ್ನು ಡಿಪಿಕೆಜಿ ನಿಷ್ಠೆಯಿಂದ ಅಳಿಸುತ್ತದೆ. /ಲಿಬ್ ಕೊಂಡಿಯಾಗಿರುವುದರಿಂದ ಅಳಿದುಹೋಗುವುದು ಈಗಷ್ಟೇ ಇಟ್ಟ ಕಡತ. ದೋಷದ ಸಂದೇಶ ಇಲ್ಲ. ಎರಡೂ ಪ್ಯಾಕೇಜುಗಳು ಸರಿಯಾಗಿವೆ ಎಂದೇ ದಾಖಲೆ ಹೇಳುತ್ತದೆ.

ಈ ಅಪಾಯವನ್ನು ಮೊದಲಿನಿಂದಲೂ ಎತ್ತಿ ಹೇಳಿದ್ದು ಡಿಪಿಕೆಜಿಯನ್ನು ನೋಡಿಕೊಳ್ಳುವವರೇ. ಡೈರೆಕ್ಟರಿಗಳನ್ನೇ ಕೊಂಡಿಯಾಗಿಸುವ ಬದಲು ಪ್ರತಿಯೊಂದು ಪ್ಯಾಕೇಜೂ ತನ್ನ ಕಡತಗಳನ್ನು ತಾನೇ ಸರಿಸಲಿ, ಅಗತ್ಯವಿದ್ದಲ್ಲಿ ಕಡತಕ್ಕೊಂದು ಕೊಂಡಿ ಇಡಲಿ, ಆಗ ದಾಖಲೆ ಮತ್ತು ಡಿಸ್ಕು ಹೆಜ್ಜೆ ತಪ್ಪುವುದಿಲ್ಲ ಎಂಬುದು ಅವರ ನಿಲುವು. ನಿಧಾನದ ದಾರಿ, ಆದರೆ ಶುದ್ಧವಾದ ದಾರಿ. ಮತ್ತೊಂದು ಬಣಕ್ಕೆ ಅಷ್ಟು ತಾಳ್ಮೆ ಇರಲಿಲ್ಲ; ಫೆಡೋರಾ ಮಾಡಿ ತೋರಿಸಿದ್ದನ್ನು ನಾವೇಕೆ ಮಾಡಬಾರದು ಎಂದರು. ಒಂದೇ ಏಟಿಗೆ ಎಲ್ಲವನ್ನೂ ಪರಿವರ್ತಿಸುವ ‘ಯೂಸರ್‌ಮರ್ಜ್’ ಎಂಬ ಪ್ಯಾಕೇಜು ಬಂತು. ಅದಕ್ಕೆ ಎದುರಾಗಿ ಡಿಪಿಕೆಜಿಯ ಜೊತೆಗೇ ಹಿಂತಿರುಗಿಸುವ ಸಲಕರಣೆಯೂ ಬಂತು; ‘ರಾಡಿ ಬಿಡಿಸು’ ಎಂಬ ಅರ್ಥದ ಅದರ ಹೆಸರೇ ಬರೆದವರ ಮನಸ್ಸನ್ನು ಹೇಳುತ್ತಿತ್ತು.

2019ರ ಜುಲೈಯಲ್ಲಿ ಬಂದ ಡೆಬಿಯನ್ 10ರಲ್ಲಿ ಹೊಸದಾಗಿ ಸ್ಥಾಪಿಸುವ ಯಂತ್ರಗಳು ಒಂದುಗೂಡಿದ ವಿನ್ಯಾಸವನ್ನೇ ಪಡೆದವು, ಹಳೆಯವು ಹಾಗೆಯೇ ಉಳಿದವು. ಎರಡೂ ಬಗೆಯ ಯಂತ್ರಗಳಿರುವುದು ಇನ್ನೊಂದು ತಲೆನೋವಾಯಿತು. ಒಂದುಗೂಡಿದ ಯಂತ್ರದಲ್ಲಿ ಕಟ್ಟಿದ ಪ್ಯಾಕೇಜು ಸೆಡ್ ಆಜ್ಞೆಯನ್ನು /ಯೂಸರ್/ಬಿನ್‌ನಲ್ಲಿ ಕಂಡು ಆ ದಾರಿಯನ್ನೇ ತನ್ನೊಳಗೆ ಬರೆದುಕೊಳ್ಳುತ್ತಿತ್ತು, ವಿಭಜಿತ ಯಂತ್ರಕ್ಕೆ ಹೋದಾಗ ಮುಗ್ಗರಿಸುತ್ತಿತ್ತು. ವ್ಯಾಜ್ಯ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮುಂದೆ ಹೋಯಿತು, ಒಂದಲ್ಲ ಹಲವು ಸಲ. 2021ರಲ್ಲಿ ಸಮಿತಿ ಡೆಬಿಯನ್ 12ರಿಂದ ಮುಂದೆ ಒಂದುಗೂಡಿದ ವಿನ್ಯಾಸಕ್ಕೆ ಮಾತ್ರ ಬೆಂಬಲ ಎಂದು ತೀರ್ಮಾನಿಸಿತು. ಜೊತೆಗೆ ಒಂದು ತಡೆಯನ್ನೂ ಹಾಕಿತು: ಡೆಬಿಯನ್ 12 ಹೊರಬರುವವರೆಗೆ ಯಾವ ಪ್ಯಾಕೇಜೂ ತನ್ನ ಕಡತಗಳನ್ನು ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಸರಿಸಬಾರದು. ಡಿಸ್ಕಿನಲ್ಲಿ ಎಲ್ಲವೂ /ಯೂಸರ್‌ಗೆ ಹೋದರೂ ದಾಖಲೆಯಲ್ಲಿ ಎಲ್ಲವೂ ಹಳೆಯ ಹೆಸರಿನಲ್ಲೇ ಉಳಿಯಬೇಕು ಎಂದಾಯಿತು. ಆ ವಿದ್ಯಾರ್ಥಿನಿ ಕಂಡದ್ದು ಈ ಆಜ್ಞೆಯ ಫಲವನ್ನೇ.

2023ರ ಜೂನ್‌ನಲ್ಲಿ ಡೆಬಿಯನ್ 12 ಬಂದಾಗ ಪರಿವರ್ತನೆಯ ಬಿಸಿ ನನಗೂ ತಟ್ಟಿತು. ಪರಿಚಯದವರ ಅಡಿಕೆ ಮಂಡಿಯಲ್ಲಿ ತೂಕದ ಯಂತ್ರಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರೊಂದಿತ್ತು. ಯುಎಸ್‌ಬಿ ತಂತಿಯನ್ನು ಎಲ್ಲಿ ಚುಚ್ಚಿದರೂ ತಕ್ಕಡಿಗೆ ಒಂದೇ ಹೆಸರು ಸಿಗಲೆಂದು ಅದಕ್ಕೆ ಯುಡೆವ್ ನಿಯಮವೊಂದನ್ನು ನಾನೇ ಬರೆದಿದ್ದೆ. ಮೊದಲು /ಲಿಬ್‌ನ ಕೆಳಗೆ, ಕೆಲವು ವರ್ಷದ ನಂತರ ಫೆಡೋರಾದ ಟಿಪ್ಪಣಿ ನೋಡಿಕೊಂಡು ಒಂದು ಸಾಲು ತಿದ್ದಿ /ಯೂಸರ್/ಲಿಬ್‌ನ ಕೆಳಗೆ. (ಕೈಯಿಂದ ಬರೆದ ನಿಯಮಗಳು /ಇಟಿಸಿಯಲ್ಲಿರಬೇಕೆಂದು ತರಗತಿಯಲ್ಲಿ ಹೇಳುವವನು ನಾನೇ.) ಪರಿವರ್ತನೆಯ ಸ್ಕ್ರಿಪ್ಟು ಎರಡೂ ಕಡೆ ಒಂದೇ ಹೆಸರಿನ ಬೇರೆ ಬೇರೆ ಕಡತ ಕಂಡು, ಯಾವುದನ್ನು ಉಳಿಸಲಿ ಎಂದು ತಿಳಿಯದೆ ಮಾರಕ ದೋಷವೆಂದು ಸಾರಿ ನಿಂತಿತು. ಹೊರಗೆ ಮಳೆ, ಒಳಗೆ ಯುಪಿಎಸ್‌ನ ಕೂಗು. ಹಳೆಯ ಕಡತವನ್ನು ಅಳಿಸಿ ಮತ್ತೆ ಓಡಿಸಿದಾಗ ಮುಗಿಯಿತು. ಊಹಿಸಿ ಮುಂದುವರಿಯದೆ ನಿಂತದ್ದಕ್ಕೆ ಆ ಸ್ಕ್ರಿಪ್ಟಿನ ಮೇಲೆ ನನಗೆ ಗೌರವವೇ ಬಂತು.

ಡೆಬಿಯನ್ 12ರ ನಂತರ ಉಳಿದದ್ದು ದಾಖಲೆ ತಿದ್ದುವ ಕೆಲಸ. ಸದ್ದಿಲ್ಲದೆ ನಡೆದ ಇದೇ ಇಡೀ ಕಥೆಯ ಅತಿ ಕಷ್ಟದ ಭಾಗ ಎಂಬುದು ನನ್ನ ಅಭಿಪ್ರಾಯ. ಡಿಪಿಕೆಜಿಗೇ ಕೊಂಡಿಗಳ ಅರಿವು ಮೂಡಿಸಬೇಕೆಂಬ ಪ್ರಯತ್ನ ಕೈಗೂಡಲಿಲ್ಲ. ಡೆಬಿಯನ್ನಿನ ಅಭಿವೃದ್ಧಿಕಾರ ಹೆಲ್ಮುಟ್ ಗ್ರೋನೆ ಮುಂದಾಳಾಗಿ ರೂಪಿಸಿದ ‘ಡೆಪ್ 17’ ಎಂಬ ಯೋಜನೆ ಬೇರೆ ದಾರಿ ಹಿಡಿಯಿತು: ಡಿಪಿಕೆಜಿಯನ್ನು ಬದಲಿಸದೆ, ಪ್ಯಾಕೇಜುಗಳಲ್ಲಿರುವ ಹಳೆಯ ಹೆಸರುಗಳನ್ನೇ ಒಂದೊಂದಾಗಿ ಇಲ್ಲವಾಗಿಸುವುದು. ಹಳೆಯ ಹೆಸರೇ ಉಳಿಯದಿದ್ದರೆ ಗೊಂದಲಕ್ಕೂ ಎಡೆಯಿಲ್ಲ. ಹಾಗೆ ಸರಿಸುವಾಗ ಕಡತ ಕಳೆದುಹೋಗಬಹುದಾದ ಸಂದರ್ಭಗಳನ್ನು ಮೊದಲೇ ಹುಡುಕಿ ಎಚ್ಚರಿಸುವ ವಿಶ್ಲೇಷಣೆಯ ತಂತ್ರಾಂಶವನ್ನೂ ಅವರು ಬರೆದರು. ಅಪಾಯವಿದ್ದಲ್ಲಿ ಪ್ಯಾಕೇಜು ತಾತ್ಕಾಲಿಕವಾಗಿ ಹಳೆಯ ದಾರಿಯನ್ನು ಬೇರೆಡೆಗೆ ತಿರುಗಿಸಿಕೊಂಡು, ಅಳಿಸುವ ಆಜ್ಞೆ ಖಾಲಿ ದಾರಿಗೆ ಹೋಗುವಂತೆ ಮಾಡುತ್ತದೆ. ಲಾರಿ ಬರುತ್ತದೆ, ಖಾಲಿ ಗೋದಾಮು ನೋಡಿ ಹಿಂದಿರುಗುತ್ತದೆ.

ಕೊನೆಗೆ ಉಳಿದವು ಜಿಲಿಬ್‌ಸಿ, ಬ್ಯಾಷ್, ಡ್ಯಾಷ್, ಯುಟಿಲ್-ಲಿನಕ್ಸ್, ಬೇಸ್-ಫೈಲ್ಸ್‌ನಂತಹ ತಳಪಾಯದ ಪ್ಯಾಕೇಜುಗಳು. ಇವುಗಳಲ್ಲಿ ಒಂದು ಮುಂದಾಗಿ ಇನ್ನೊಂದು ಹಿಂದುಳಿದರೂ ಹೊಸ ವ್ಯವಸ್ಥೆ ಕಟ್ಟುವುದೇ ಆಗದು. ಆದ್ದರಿಂದ 2024ರಲ್ಲಿ ಅವನ್ನು ಒಟ್ಟಿಗೆ ಸರಿಸಿದರು. ಕೊಂಡಿಗಳು ಸ್ವತಃ ಬೇಸ್-ಫೈಲ್ಸ್ ಪ್ಯಾಕೇಜಿನ ಆಸ್ತಿಯಾದವು. ಅಂದರೆ ಡಿಪಿಕೆಜಿಯ ಬೆನ್ನ ಹಿಂದೆ ಹುಟ್ಟಿದ್ದು ಅದರ ಪುಸ್ತಕದಲ್ಲೇ ಬರೆಹವಾಯಿತು. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ ಎಲ್‌ಎಸ್ ಯಾರದ್ದೆಂದು /ಯೂಸರ್/ಬಿನ್‌ನ ಹೆಸರಿನಿಂದ ಕೇಳಿದರೆ ಕೋರ್‌ಯುಟಿಲ್ಸ್ ಎಂಬ ಉತ್ತರವೇ ಬರುತ್ತದೆ.

ಈ ನಡುವೆ ಫೆಡೋರಾ ಮತ್ತೊಂದು ಹೆಜ್ಜೆ ಮುಂದಿದೆ. 2025ರ ಏಪ್ರಿಲ್‌ನಲ್ಲಿ ಬಂದ ಅದರ 42ನೆಯ ಆವೃತ್ತಿಯಲ್ಲಿ ಆಡಳಿತಗಾರರ ಆಜ್ಞೆಗಳಿರುತ್ತಿದ್ದ /ಯೂಸರ್/ಎಸ್‌ಬಿನ್ ಕೂಡ /ಯೂಸರ್/ಬಿನ್‌ನೊಳಗೆ ಸೇರಿಹೋಯಿತು. ಆರ್ಚ್ ಇದನ್ನು 2013ರಲ್ಲೇ ಮಾಡಿ ಮುಗಿಸಿತ್ತು. ಡೆಬಿಯನ್ ಅವೆರಡನ್ನೂ ಬೇರೆಯಾಗಿಯೇ ಇಟ್ಟುಕೊಂಡಿದೆ, ಸಾಮಾನ್ಯ ಬಳಕೆದಾರರ ಹುಡುಕುವ ದಾರಿಯಲ್ಲಿ ಎಸ್‌ಬಿನ್ ಇರುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಡಿಸ್ಕಿನ ವಿಭಾಗ ನೋಡಲು ಎಫ್‌ಡಿಸ್ಕ್ ಎಂದು ಬರೆದವರಿಗೆ ಅಂತಹ ಆಜ್ಞೆಯೇ ಇಲ್ಲವೆಂಬ ಉತ್ತರ ಈಗಲೂ ಬರುತ್ತದೆ, ಅದು ಎಲ್ಲಿದೆ ಎಂದು ಕೇಳಿಕೊಂಡು ಮೊದಲು ಬರುವವಳು ಆ ವಿದ್ಯಾರ್ಥಿನಿಯೇ.